ನಮ್ಮ ಮನೆಯ ಹಳೆಯ ಕಾಗದ ಮತ್ತು ನಾನು ಹಾಕಿದ ಸಹಿ

ಇಲ್ಲಿ ಸಾಮಾನ್ಯವಾಗಿ 401(ಕೆ), ಇಂಡೆಕ್ಸ್ ಫಂಡ್, ಊರಿನ ಎನ್‌ಆರ್‌ಇ ಖಾತೆ ಇಂಥವುಗಳ ಬಗ್ಗೆ ಬರೆಯುತ್ತೇನೆ. ಈ ಸಲ ವಿಷಯ ಬೇರೆ. ಒಂದು ಹಳೆಯ ಕಾಗದ ಓದಿದ ಮೇಲೆ ನಾನೇ ಹಿಂದೆ ಬರೆದ ಒಂದು ಮಾತನ್ನು ತಿದ್ದಿಕೊಳ್ಳಬೇಕಾಗಿ ಬಂದಿದೆ. “ಅಮೆರಿಕದಲ್ಲಿ ಮನೆ ಕೊಳ್ಳುವುದು ಶಿಸ್ತಿನ ಪ್ರಶ್ನೆ, ಹೊಟ್ಟೆಬಟ್ಟೆ ಕಟ್ಟಿ ಡೌನ್ ಪೇಮೆಂಟ್ ಕೂಡಿಸಿದವರಿಗೆ ಈ ದೇಶ ಬಾಗಿಲು ತೆರೆಯುತ್ತದೆ” ಎಂದು ಎರಡು ವರ್ಷದ ಹಿಂದೆ ಬರೆದಿದ್ದೆ. ನಿಮ್ಮಲ್ಲಿ ಅನೇಕರು ಅದನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚಿಕೊಂಡಿದ್ದಿರಿ. ಅದು ಸುಳ್ಳಲ್ಲ, ಆದರೆ ಲೆಕ್ಕದ ಅರ್ಧ ಪುಟ ಮಾತ್ರ.

ಆಗಿದ್ದು ಇಷ್ಟು. ನಮ್ಮ ಮನೆ ಇರುವುದು ಈಸ್ಟ್ ಬೇಯ ಒಂದು ಹಳೆಯ ಬಡಾವಣೆಯಲ್ಲಿ. 1941ರಲ್ಲಿ ಕಟ್ಟಿದ್ದು, ಒಂದೇ ಅಂತಸ್ತು, ಮೂರು ಕೋಣೆ. ನಾವು ಕೊಂಡದ್ದು 2013ರಲ್ಲಿ. ಮೂರು ಬೀದಿ ಆಚೆ ಒಂದು ಹಳೆಯ ನರ್ಸರಿ ಜಾಗ ಇದೆ. ಗಿಡ ಮಾರುತ್ತಿದ್ದವರು ಮುಚ್ಚಿಕೊಂಡು ಹೋದರು. ಅಲ್ಲಿ ಐದು ಅಂತಸ್ತಿನ ಅಪಾರ್ಟ್‌ಮೆಂಟ್ ಬರುತ್ತದೆ, ಅದರಲ್ಲಿ ಒಂದಷ್ಟು ಮನೆಗಳು ಕಡಿಮೆ ಆದಾಯದವರಿಗೆ ಎಂದು ಸುದ್ದಿ ಬಂತು. ಬಡಾವಣೆಯ ಭಾರತೀಯರ ಗುಂಪಿನಲ್ಲಿ ವಿರೋಧದ ಅರ್ಜಿ ಓಡಾಡಿತು. ದಿನಾ ಸಂಜೆ ನನ್ನ ಜೊತೆ ವಾಕಿಂಗ್ ಬರುವ ಕನ್ನಡದ ಗೆಳೆಯರೊಬ್ಬರು ಫೋನ್ ಮಾಡಿ, “ಸಾರ್, ನಿಮ್ಮ ಸಹಿ ಇನ್ನೂ ಬಂದಿಲ್ಲ. ನಮ್ಮ ಪ್ರಾಪರ್ಟಿ ವ್ಯಾಲ್ಯೂ ಏನಾಗ್ಬೇಕು ಹೇಳಿ?” ಎಂದರು. ನನ್ನ ಒಟ್ಟು ಆಸ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಆ ಗೋಡೆಗಳೊಳಗೆ ಇದೆ. ಒಂದು ನಿಮಿಷವೂ ಯೋಚಿಸದೆ ಸಹಿ ಹಾಕಿದೆ.

ವಾರದ ನಂತರ ಗುಂಪಿನಲ್ಲಿ ಇನ್ನೊಂದು ಸಂದೇಶ. ನಮ್ಮ ಟ್ರಾಕ್ಟಿನ ಹಳೆಯ ಷರತ್ತುಗಳಲ್ಲಿ “ಒಂದು ನಿವೇಶನಕ್ಕೆ ಒಂದೇ ಕುಟುಂಬದ ಮನೆ” ಎಂದಿದೆಯಂತೆ, ಯಾರ ಹತ್ತಿರವಾದರೂ ಆ ಕಾಗದ ಇದ್ದರೆ ಕೊಡಿ, ಸಿಟಿ ಕೌನ್ಸಿಲ್ ಮುಂದೆ ಇಡೋಣ ಎಂದು. ಕಾಗದಪತ್ರ ಜೋಪಾನ ಮಾಡುವುದರಲ್ಲಿ ನನಗೆ ಸ್ವಲ್ಪ ಹೆಮ್ಮೆ. ಟೈಟಲ್ ರಿಪೋರ್ಟ್ ತೆಗೆದೆ. ಊರಿನಲ್ಲಿ ನಾವು ಇಸಿ, ಅಂದರೆ ಋಣಭಾರ ಪತ್ರ ತೆಗೆಸುತ್ತೇವಲ್ಲ, ಹೆಚ್ಚುಕಡಿಮೆ ಅಂಥದ್ದೇ. ಅದರಲ್ಲಿ 1941ರ ಷರತ್ತುಗಳ ಉಲ್ಲೇಖವಿತ್ತು, ಪಕ್ಕದಲ್ಲೇ “ಜನಾಂಗ, ಬಣ್ಣ, ಧರ್ಮದ ಆಧಾರದ ಷರತ್ತುಗಳೇನಾದರೂ ಇದ್ದರೆ ಅವನ್ನು ಬಿಟ್ಟು” ಎಂಬ ಅರ್ಥದ ಒಂದು ಸಾಲು. 2013ರಲ್ಲೂ ಅದು ಅಲ್ಲೇ ಇತ್ತು. 2021ರಲ್ಲಿ ರೀಫೈನಾನ್ಸ್ ಮಾಡಿದಾಗಲೂ ಇತ್ತು. ನಾನು ನೋಡಿದ್ದು ಬಡ್ಡಿ ದರ ಮತ್ತು ಕ್ಲೋಸಿಂಗ್ ಕಾಸ್ಟ್ ಮಾತ್ರ.

ಲಿಂಕ್ ಒತ್ತಿದರೆ ಟೈಪ್‌ರೈಟರ್‌ನಲ್ಲಿ ಹೊಡೆದ ಮೂರು ಪುಟ ತೆರೆದುಕೊಂಡಿತು. ಮೇಲೆ ಕೌಂಟಿಯವರ ಮುದ್ರೆ: ಇದರಲ್ಲಿ ಜನಾಂಗದ ನಿರ್ಬಂಧಗಳಿದ್ದರೆ ಅವು ಅಸಿಂಧು ಎಂದು. ಕೆಳಗೆ ನಮ್ಮ ಗುಂಪಿನವರು ಹುಡುಕುತ್ತಿದ್ದ ಷರತ್ತು: ಒಂದು ನಿವೇಶನಕ್ಕೆ ಒಂದೇ ಕುಟುಂಬದ ಮನೆ. ಅದಾದ ಮೇಲೆ ಮನೆಯ ಕನಿಷ್ಠ ಖರ್ಚು, ಬೇಲಿಯ ಎತ್ತರ, ಕೋಳಿ ಸಾಕಬಾರದು. ಆಮೇಲೆ ಬಿಳಿಯ ಜನಾಂಗದವರಲ್ಲದೆ ಬೇರೆ ಯಾರೂ ಈ ನಿವೇಶನಗಳಲ್ಲಿ ವಾಸಿಸಕೂಡದು; ಮಾಲೀಕರ ಜೊತೆಯಲ್ಲಿರುವ ಮನೆಗೆಲಸದವರಿಗೆ ಮಾತ್ರ ವಿನಾಯಿತಿ.

ನನ್ನಾಕೆಗೆ ತೋರಿಸಿದೆ. ಓದಿ, “ಹಾಗಾದ್ರೆ ಆಗ ನಾವು ಇಲ್ಲಿ ಪಾತ್ರೆ ತೊಳ್ಕೊಂಡು ಇರಬಹುದಿತ್ತು ಅಂತಾಯ್ತು” ಎಂದು ಅಡುಗೆಮನೆಗೆ ಹೋದಳು.

ಅಂದಿನಿಂದ ಒಂದೂವರೆ ತಿಂಗಳು ಷೇರು ಮಾರುಕಟ್ಟೆ ಬಿಟ್ಟು ಈ ದೇಶದ ಮನೆಸಾಲದ ಇತಿಹಾಸ ಓದಿದೆ. ಅಮೆರಿಕದ ಇತಿಹಾಸವೆಂದರೆ ನಮಗೆ ಗೊತ್ತಿರುವುದು ಪೌರತ್ವ ಪರೀಕ್ಷೆಯ ಪ್ರಶ್ನೆಗಳಷ್ಟು. ಅಂತರ್ಯುದ್ಧ ಯಾವಾಗ, ಹದಿಮೂರು ವಸಾಹತುಗಳು ಯಾವುವು, ಮಾರ್ಟಿನ್ ಲೂಥರ್ ಕಿಂಗ್ ಏನು ಮಾಡಿದರು. ಬಾಯಿಪಾಠ ಮಾಡಿ ಪಾಸಾಗುತ್ತೇವೆ. ದುಡ್ಡಿನ ದಾರಿ ಹಿಡಿದು ಹೋದರೆ ಅದೇ ಇತಿಹಾಸ ಬೇರೆ ಥರ ಕಾಣುತ್ತದೆ.

ಮೊದಲಿನಿಂದಲೂ ಇಲ್ಲಿ ಆಸ್ತಿ ಎನ್ನುವುದು ಸರ್ಕಾರ ಕೈಯಾರೆ ಹಂಚಿದ್ದು. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ 160 ಎಕರೆ ಜಮೀನು ಸಣ್ಣ ಶುಲ್ಕಕ್ಕೆ ಕೊಟ್ಟರು. ಐದು ವರ್ಷ ಉಳುಮೆ ಮಾಡಿ ವಾಸವಿದ್ದರೆ ಅದು ನಿಮ್ಮದು. ಆ ಜಮೀನು ಅದಕ್ಕೆ ಮೊದಲು ಮೂಲನಿವಾಸಿಗಳದು ಎಂಬುದು ಬೇರೆ ಮಾತು. ಗುಲಾಮಗಿರಿಯಿಂದ ಬಿಡುಗಡೆಯಾದವರಿಗೆ 1865ರ ಜನವರಿಯಲ್ಲಿ ಜನರಲ್ ಶೆರ್ಮನ್ ಕರಾವಳಿಯ ಜಮೀನನ್ನು 40 ಎಕರೆಯಂತೆ ಹಂಚಲು ಆದೇಶ ಹೊರಡಿಸಿದ್ದ. ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದನ್ನು ಹಿಂದಕ್ಕೆ ಪಡೆದು ಹಳೆಯ ಮಾಲೀಕರಿಗೇ ಮರಳಿಸಿದ. ಜಮೀನಿಲ್ಲದಿದ್ದರೆ ಹೋಗಲಿ, ಉಳಿತಾಯ ಮಾಡಿ ಎಂದು ಅದೇ ವರ್ಷ ಫ್ರೀಡ್‌ಮನ್ಸ್ ಬ್ಯಾಂಕ್ ತೆರೆದರು. ಕೂಲಿ ಮಾಡಿದವರು ಡಾಲರ್ ಡಾಲರ್ ಕೂಡಿಸಿ ಇಟ್ಟರು. ಆಡಳಿತ ಮಂಡಳಿ ಆ ಹಣವನ್ನು ಊಹಾಪೋಹದ ಸಾಲಗಳಲ್ಲಿ ಮುಳುಗಿಸಿತು. 1874ರಲ್ಲಿ ಬ್ಯಾಂಕ್ ಮುಚ್ಚಿತು. ಸುಮಾರು 61,000 ಠೇವಣಿದಾರರು, ಸುಮಾರು 30 ಲಕ್ಷ ಡಾಲರ್. ಶಿಸ್ತಿನಿಂದ ಉಳಿಸಿ ಎಂದು ಬುದ್ಧಿ ಹೇಳುವ ನನ್ನಂಥವರು ಈ ಬ್ಯಾಂಕಿನ ಕಥೆಯನ್ನು ಒಮ್ಮೆ ಓದಬೇಕು. ಅವರು ಶಿಸ್ತಿನಿಂದಲೇ ಉಳಿಸಿದ್ದರು.

ಈಗ ಮನೆಸಾಲಕ್ಕೆ ಬರೋಣ. ನಾವೆಲ್ಲ ಸೂರ್ಯ ಚಂದ್ರರಷ್ಟೇ ಸಹಜವೆಂದುಕೊಂಡಿರುವ 30 ವರ್ಷದ ಸ್ಥಿರ ಬಡ್ಡಿಯ ಮಾರ್ಟ್‌ಗೇಜ್ 1920ರ ದಶಕದಲ್ಲಿ ಇರಲೇ ಇಲ್ಲ. ಆಗ ಮನೆಯ ಬೆಲೆಯ ಅರ್ಧದಷ್ಟು ಕೈಯಿಂದ ಹಾಕಬೇಕಿತ್ತು. ಉಳಿದದ್ದಕ್ಕೆ ಐದು ವರ್ಷದ ಸಾಲ, ಬಹಳಷ್ಟು ಸಲ ಬರಿ ಬಡ್ಡಿ ಕಟ್ಟುವುದು, ಅವಧಿ ಮುಗಿದಾಗ ಅಸಲನ್ನು ಒಂದೇ ಸಲ ತೀರಿಸುವುದು ಅಥವಾ ಹೊಸ ಸಾಲಕ್ಕೆ ಬ್ಯಾಂಕಿನ ಮುಂದೆ ನಿಲ್ಲುವುದು. 1929ರ ಕುಸಿತದ ನಂತರ ಬ್ಯಾಂಕುಗಳೇ ಬಾಗಿಲು ಹಾಕಿದಾಗ ಹೊಸ ಸಾಲ ಕೊಡುವವರು ಯಾರು? ಸಾಲುಸಾಲಾಗಿ ಮನೆಗಳು ಹರಾಜಾದವು.

ರೂಸ್‌ವೆಲ್ಟ್ ಸರ್ಕಾರ 1933ರಲ್ಲಿ ಎಚ್‌ಒಎಲ್‌ಸಿ ಎಂಬ ಸಂಸ್ಥೆ ಸ್ಥಾಪಿಸಿ ಸುಮಾರು ಹತ್ತು ಲಕ್ಷ ಮನೆಗಳ ಸಾಲವನ್ನು ದೀರ್ಘಾವಧಿಗೆ ಬದಲಾಯಿಸಿ ಉಳಿಸಿತು. 1934ರಲ್ಲಿ ಎಫ್‌ಎಚ್‌ಎ ಬಂತು. ಇದು ತಾನೇ ಸಾಲ ಕೊಡುವುದಿಲ್ಲ, ಬ್ಯಾಂಕ್ ಕೊಟ್ಟ ಸಾಲಕ್ಕೆ ವಿಮೆ ಕೊಡುತ್ತದೆ. ಸಾಲಗಾರ ಕೈಕೊಟ್ಟರೆ ಸರ್ಕಾರ ತುಂಬಿಕೊಡುತ್ತದೆ ಎಂದಾದ ಮೇಲೆ ಬ್ಯಾಂಕುಗಳು ಕಡಿಮೆ ಡೌನ್ ಪೇಮೆಂಟ್‌ಗೆ, ಇಪ್ಪತ್ತು, ಆಮೇಲೆ ಮೂವತ್ತು ವರ್ಷಕ್ಕೆ ಧೈರ್ಯವಾಗಿ ಸಾಲ ಕೊಟ್ಟವು. 1938ರಲ್ಲಿ ಬಂದ ಫ್ಯಾನಿ ಮೇ ಆ ಸಾಲಗಳನ್ನು ಕೊಂಡುಕೊಂಡು ಬ್ಯಾಂಕುಗಳ ಕೈಗೆ ಮತ್ತೆ ಹಣ ಕೊಟ್ಟಿತು. 1944ರ ಜಿಐ ಬಿಲ್ ಯುದ್ಧದಿಂದ ಮರಳಿದ ಸೈನಿಕರಿಗೆ ಡೌನ್ ಪೇಮೆಂಟ್ ಇಲ್ಲದೆಯೇ ಮನೆ ಕೊಳ್ಳುವ ದಾರಿ ಮಾಡಿತು. ಹಣಕಾಸಿನ ಉತ್ಪನ್ನಗಳಲ್ಲಿ ನನಗೆ ಇಷ್ಟು ಅಚ್ಚುಕಟ್ಟಾಗಿ ಕಂಡದ್ದು ಕಡಿಮೆ. 1940ರಲ್ಲಿ ಶೇ. 43.6 ಕುಟುಂಬಗಳಿಗೆ ಸ್ವಂತ ಮನೆ ಇದ್ದರೆ 1960ಕ್ಕೆ ಅದು ಶೇ. 61.9 ಆಯಿತು. ಬಾಡಿಗೆದಾರರ ದೇಶ ಇಪ್ಪತ್ತು ವರ್ಷದಲ್ಲಿ ಮನೆಮಾಲೀಕರ ದೇಶವಾಯಿತು. ಜನ ಒಮ್ಮೆಲೇ ಹೆಚ್ಚು ಶಿಸ್ತುವಂತರಾದದ್ದರಿಂದ ಅಲ್ಲ.

ಈ ಯಂತ್ರದ ಕೀಲಿ ಯಾರ ಕೈಯಲ್ಲಿತ್ತು ಎಂಬುದು ಮುಖ್ಯ. ಎಚ್‌ಒಎಲ್‌ಸಿ ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆ ಬಿಡಿಸಿ ಬಡಾವಣೆಗಳಿಗೆ ಹಸಿರು, ನೀಲಿ, ಹಳದಿ, ಕೆಂಪು ಬಣ್ಣ ಹಚ್ಚಿತು. ರೆಡ್‌ಲೈನಿಂಗ್ ಎಂಬ ಮಾತು ಕೇಳಿದಾಗ ನೆನಪಾಗುವುದು ಈ ನಕ್ಷೆಗಳೇ. ಆದರೆ ಓದುತ್ತಾ ಹೋದಂತೆ ನನಗೆ ಅನಿಸಿದ್ದು, ಎಚ್‌ಒಎಲ್‌ಸಿಯಿಂದ ಕಪ್ಪುವರ್ಣೀಯರಿಗೂ ಒಂದಷ್ಟು ಸಾಲ ಸಿಕ್ಕಿತ್ತು. ನಿಜವಾದ ಬೀಗ ಇದ್ದದ್ದು ಎಫ್‌ಎಚ್‌ಎ ಬಳಿ. ಅದರ ಅಧಿಕಾರಿಗಳ ಕೈಪಿಡಿಯೇ ಬಡಾವಣೆಯಲ್ಲಿ ಬೇರೆ ಬೇರೆ ಜನಾಂಗದವರು ಬೆರೆತರೆ ಬೆಲೆ ಅಸ್ಥಿರವಾಗುತ್ತದೆ ಎಂದು ಎಚ್ಚರಿಸುತ್ತಿತ್ತು, ಕ್ರಯಪತ್ರದಲ್ಲಿ ಜನಾಂಗದ ಷರತ್ತು ಹಾಕಿ ಎಂದು ಶಿಫಾರಸು ಮಾಡುತ್ತಿತ್ತು. ನಮ್ಮ ಮನೆಯ ಕಾಗದದ ಆ ಸಾಲು ಯಾವನೋ ಒಬ್ಬ ಕೆಟ್ಟ ಬಿಲ್ಡರ್‌ನ ತಲೆಯಿಂದ ಹುಟ್ಟಿದ್ದೆಂದು ಮೊದಲು ಅಂದುಕೊಂಡಿದ್ದೆ. ಅದು ಸಾಲ ಸುಲಭವಾಗಿ ಸಿಗಲೆಂದು ತುಂಬಿದ ಫಾರ್ಮಿನ ಒಂದು ಖಾನೆ.

ಎಫ್‌ಎಚ್‌ಎ ಸೇರಿದ ಹೋಮರ್ ಹಾಯ್ಟ್ ಎಂಬ ಅರ್ಥಶಾಸ್ತ್ರಜ್ಞ 1933ರಲ್ಲಿ ಷಿಕಾಗೋದ ಜಮೀನಿನ ಬೆಲೆಗಳ ಬಗ್ಗೆ ಬರೆದ ಪುಸ್ತಕದಲ್ಲಿ, ಯಾವ ಜನ ಬಂದರೆ ಬೆಲೆಯ ಮೇಲೆ ಎಂಥ ಪರಿಣಾಮ ಎಂದು ಒಂದು ಪಟ್ಟಿ ಕೊಟ್ಟಿದ್ದ. ಮೇಲ್ಗಡೆ ಇಂಗ್ಲಿಷರು, ಜರ್ಮನ್ನರು. ಕೊನೆಯಲ್ಲಿ ಕಪ್ಪುವರ್ಣೀಯರು, ಮೆಕ್ಸಿಕನ್ನರು. ಅವರಿಗಿಂತ ಒಂದೇ ಮೆಟ್ಟಿಲು ಮೇಲೆ ದಕ್ಷಿಣ ಇಟಲಿಯವರು. ಇವತ್ತು ಇಟಾಲಿಯನ್ ಹೆಸರಿನವರು ಪಕ್ಕದ ಮನೆಗೆ ಬಂದರೆ ಬೆಲೆ ಬೀಳುತ್ತದೆ ಎಂದು ಯಾರಾದರೂ ಹೇಳಿದರೆ ನಗುತ್ತೇವೆ. ಆ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ. ಲೆಕ್ಕಕ್ಕೆ ತೆಗೆದುಕೊಳ್ಳುವಷ್ಟು ಸಂಖ್ಯೆಯಲ್ಲಿ ನಾವು ಅಲ್ಲಿರಲಿಲ್ಲ.

ಹೂಡಿಕೆದಾರರಿಗೆ ಇದರ ಒಳಗಿನ ತರ್ಕ ಬೇಗ ಅರ್ಥವಾಗುತ್ತದೆ. ಸಾಲ ಸುಲಭವಾಗಿ ಸಿಗುವ ಕಡೆ ಕೊಳ್ಳುವವರು ಹೆಚ್ಚು, ಬೆಲೆ ಏರುತ್ತದೆ. ಸಾಲ ಸಿಗದ ಕಡೆ ಛಾವಣಿ ರಿಪೇರಿಗೂ ದುಡ್ಡಿಲ್ಲ, ಮಾರಿದರೆ ಕೊಳ್ಳುವವರಿಲ್ಲ, ಬೆಲೆ ಇಳಿಯುತ್ತದೆ. ಇಳಿದ ಬೆಲೆ ತೋರಿಸಿ “ನೋಡಿ, ನಾವು ಹೇಳಿದ್ದೇ ನಿಜವಾಯಿತು, ಇದು ರಿಸ್ಕ್” ಎನ್ನುವುದು. ಗಿಡಕ್ಕೆ ನೀರು ನಿಲ್ಲಿಸಿ ಒಣಗಿತಲ್ಲ ಎಂದು ದೂರಿದ ಹಾಗೆ.

ಬ್ಯಾಂಕಿನ ಬಾಗಿಲು ಮುಚ್ಚಿದವರು ಎಲ್ಲಿಗೆ ಹೋದರು? ಷಿಕಾಗೋದಲ್ಲಿ ಕಾಂಟ್ರಾಕ್ಟ್ ಮೇಲೆ ಮನೆ ಕೊಂಡರು. ದಲ್ಲಾಳಿ ಬಿಳಿಯರಿಂದ ಅಗ್ಗಕ್ಕೆ ಮನೆ ಕೊಂಡು ಬಹುಪಾಲು ದುಪ್ಪಟ್ಟು ಬೆಲೆಗೆ ಕಪ್ಪುವರ್ಣೀಯರಿಗೆ ಕಂತಿನಲ್ಲಿ ಮಾರುತ್ತಿದ್ದ. ಕೊನೆಯ ಕಂತಿನವರೆಗೆ ಕ್ರಯಪತ್ರ ಅವನ ಹೆಸರಿನಲ್ಲೇ. ರಿಪೇರಿ, ತೆರಿಗೆ ಎಲ್ಲ ಕೊಂಡವರ ತಲೆಗೆ. ಒಂದು ಕಂತು ತಪ್ಪಿದರೆ ಮನೆಯೂ ಹೋಯಿತು, ಕಟ್ಟಿದ ಹಣವೂ ಹೋಯಿತು. ಅದೇ ಮನೆ ಮತ್ತೊಬ್ಬರಿಗೆ ಮಾರಾಟ. ಹತ್ತು ವರ್ಷ ಕಟ್ಟಿದರೂ ಇಕ್ವಿಟಿ ಸೊನ್ನೆ. 1968ರಲ್ಲಿ ನಾರ್ತ್ ಲಾನ್‌ಡೇಲ್‌ನ ನಿವಾಸಿಗಳು ಕಾಂಟ್ರಾಕ್ಟ್ ಬೈಯರ್ಸ್ ಲೀಗ್ ಕಟ್ಟಿ ಕಂತು ಕೊಡುವುದನ್ನೇ ನಿಲ್ಲಿಸಿ ಹೋರಾಡಿದರು.

ಇದೇ ಕಾಲದಲ್ಲಿ ಲೆವಿಟೌನ್. ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ 1947ರಿಂದ ಮುಂದೆ ಕಾರ್ಖಾನೆಯಲ್ಲಿ ಕಾರು ಜೋಡಿಸಿದಂತೆ ಸುಮಾರು 17,000 ಮನೆ ಕಟ್ಟಿದರು. 1949ರಲ್ಲಿ ಬೆಲೆ 7,990 ಡಾಲರ್. ಶೇ. 4ರ ಬಡ್ಡಿ, 30 ವರ್ಷ ಎಂದಿಟ್ಟುಕೊಂಡರೆ ಅಸಲು ಬಡ್ಡಿ ಸೇರಿ ತಿಂಗಳಿಗೆ ಸುಮಾರು 38 ಡಾಲರ್. ಅಲ್ಲಿಗೂ ಬಿಳಿಯರಿಗೆ ಮಾತ್ರ ಪ್ರವೇಶ. ಒಂದೇ ಯುದ್ಧದಲ್ಲಿ, ಒಂದೇ ಸಮವಸ್ತ್ರದಲ್ಲಿ ಹೋರಾಡಿ ಬಂದ ಇಬ್ಬರಲ್ಲಿ ಒಬ್ಬನಿಗೆ ಆ 38 ಡಾಲರ್ ಕಂತು ಸಿಕ್ಕಿತು, ಇನ್ನೊಬ್ಬನಿಗೆ ಸಿಗಲಿಲ್ಲ. 1957ರಲ್ಲಿ ಪೆನ್ಸಿಲ್ವೇನಿಯಾದ ಲೆವಿಟೌನಿಗೆ ವಿಲಿಯಂ ಮತ್ತು ಡೈಸಿ ಮೈಯರ್ಸ್ ಎಂಬ ಕಪ್ಪುವರ್ಣೀಯ ದಂಪತಿ ಬಂದಾಗ ಮನೆಯ ಮುಂದೆ ದಿನಗಟ್ಟಲೆ ಗುಂಪು ಸೇರಿ ಕಲ್ಲು ತೂರಿತು.

ಲೆಕ್ಕ ಹಾಕದೆ ಇರಲು ನನ್ನಿಂದ ಆಗುವುದಿಲ್ಲ. 8,000 ಡಾಲರ್‌ನ ಆಸ್ತಿ 1949ರಿಂದ ವರ್ಷಕ್ಕೆ ಶೇ. 5ರಂತೆ ಬೆಳೆದರೆ 2019ಕ್ಕೆ ಸುಮಾರು 2,43,000 ಡಾಲರ್. ಅದೇ 8,000 ಡಾಲರ್ 1968ರಲ್ಲಿ ಹಾಕಿದ್ದರೆ ಸುಮಾರು 96,000. ತಡವಾದದ್ದು 19 ವರ್ಷ, ವ್ಯತ್ಯಾಸ ಎರಡೂವರೆ ಪಟ್ಟು. ಇದು ಕಾಗದದ ಮೇಲಿನ ಸರಳ ಲೆಕ್ಕ ಎಂದು ಒಪ್ಪುತ್ತೇನೆ. 1968ಕ್ಕೆ ಮನೆ ಬೆಲೆಯೂ ಏರಿತ್ತು, ಅಂದರೆ ತಡವಾಗಿ ಬಂದವರಿಗೆ ನಿಜವಾದ ಹೊಡೆತ ಇನ್ನೂ ಜೋರು. ಹೂಡಿಕೆ ಬೇಗ ಶುರುಮಾಡಿ, ಚಕ್ರಬಡ್ಡಿಗೆ ಸಮಯ ಕೊಡಿ ಎಂದು ನಾನು ಪ್ರತಿ ಎರಡನೇ ಲೇಖನದಲ್ಲೂ ಬರೆಯುತ್ತೇನೆ. ಕಾನೂನೇ ಒಂದು ಜನರ ಸಮಯ ಕಿತ್ತುಕೊಂಡರೆ ಏನಾಗುತ್ತದೆ ಎಂಬುದಕ್ಕೂ ಅದೇ ಸೂತ್ರ ಉತ್ತರ ಕೊಡುತ್ತದೆ.

1968 ಎಂದು ಏಕೆ ತೆಗೆದುಕೊಂಡೆ ಎಂದರೆ ಮನೆ ಮಾರಾಟ ಮತ್ತು ಬಾಡಿಗೆಯಲ್ಲಿ ತಾರತಮ್ಯ ಮಾಡಕೂಡದೆಂಬ ಫೇರ್ ಹೌಸಿಂಗ್ ಕಾಯ್ದೆ ಬಂದದ್ದು ಆ ವರ್ಷ, ಏಪ್ರಿಲ್ 11ರಂದು. ಕಿಂಗ್ ಹತ್ಯೆಯಾದದ್ದು ಏಪ್ರಿಲ್ 4ಕ್ಕೆ. ವರ್ಷಗಳಿಂದ ಕಾಂಗ್ರೆಸ್ಸಿನಲ್ಲಿ ಸಿಕ್ಕಿಹಾಕಿಕೊಂಡಿದ್ದ ಮಸೂದೆ ಒಂದೇ ವಾರದಲ್ಲಿ ಪಾಸಾಯಿತು. ಅದಕ್ಕೂ ಮೊದಲು, 1948ರಲ್ಲಿ, ಇಂಥ ಷರತ್ತುಗಳನ್ನು ಕೋರ್ಟುಗಳು ಜಾರಿ ಮಾಡಕೂಡದೆಂದು ಸುಪ್ರೀಂ ಕೋರ್ಟ್ ಶೆಲ್ಲಿ ವಿರುದ್ಧ ಕ್ರೇಮರ್ ತೀರ್ಪಿನಲ್ಲಿ ಹೇಳಿತ್ತು. ಹೆಂಗಸರ ಕಥೆ ಇನ್ನೂ ತಡ. ಗಂಡನ ಸಹಿ ಇಲ್ಲದೆ ಸಾಲ ಇಲ್ಲ ಎನ್ನುವುದನ್ನು ತಪ್ಪೆಂದದ್ದು 1974ರ ಸಮಾನ ಸಾಲ ಅವಕಾಶ ಕಾಯ್ದೆ. ನನಗಿಂತ ಹೆಚ್ಚು ಸಂಬಳ ತರುವ ನನ್ನಾಕೆಗೆ ಇದನ್ನು ಹೇಳಿದಾಗ ಅವಳು ನಕ್ಕಿದ್ದು ನನ್ನ ಕಡೆ ನೋಡಿಯೇ.

ಇದೆಲ್ಲ ದಕ್ಷಿಣದ ರಾಜ್ಯಗಳ, ಹಳೆಯ ನಗರಗಳ ಕಥೆ, ನಮ್ಮ ಉದಾರವಾದಿ ಕ್ಯಾಲಿಫೋರ್ನಿಯಾದ್ದಲ್ಲ ಎಂದು ಯಾರಾದರೂ ಅಂದುಕೊಂಡಿದ್ದರೆ, ನಾನೂ ಹಾಗೇ ಅಂದುಕೊಂಡಿದ್ದೆ. ಸ್ಟ್ಯಾನ್‌ಫರ್ಡ್ ಪಕ್ಕದಲ್ಲಿ ಎರಡನೇ ಮಹಾಯುದ್ಧದ ನಂತರ ಸುಮಾರು 150 ಕುಟುಂಬಗಳು ಸಹಕಾರ ಸಂಘ ಕಟ್ಟಿ ಜಮೀನು ಕೊಂಡವು. ಕಾದಂಬರಿಕಾರ ವಾಲೆಸ್ ಸ್ಟೆಗ್ನರ್ ಅದರಲ್ಲಿದ್ದರು. ಸದಸ್ಯರಲ್ಲಿ ಮೂರು ಕಪ್ಪುವರ್ಣೀಯ ಕುಟುಂಬಗಳಿದ್ದವು ಎಂಬ ಕಾರಣಕ್ಕೆ ಎಫ್‌ಎಚ್‌ಎ ವಿಮೆ ಕೊಡಲಿಲ್ಲ, ವಿಮೆ ಇಲ್ಲದೆ ಬ್ಯಾಂಕ್ ಸಾಲ ಕೊಡಲಿಲ್ಲ, ಕೊನೆಗೆ ಜಮೀನು ಖಾಸಗಿ ಡೆವಲಪರ್ ಪಾಲಾಯಿತು. ಇವತ್ತು ಆ ಜಾಗದ ಹೆಸರು ಲಾಡೆರಾ. ಅಲ್ಲಿಯ ಮನೆ ಬೆಲೆ ಜಿಲ್ಲೋದಲ್ಲಿ ನೋಡಿ ನಿಟ್ಟುಸಿರು ಬಿಟ್ಟವರು ನಿಮ್ಮಲ್ಲೂ ಇರಬಹುದು. 1963ರಲ್ಲಿ ರಾಜ್ಯ ಶಾಸಕಾಂಗ ವಸತಿ ತಾರತಮ್ಯದ ವಿರುದ್ಧ ರಮ್‌ಫರ್ಡ್ ಕಾಯ್ದೆ ತಂದರೆ, ಮರುವರ್ಷವೇ ಸುಮಾರು ಶೇ. 65 ಮತದಾರರು ಪ್ರೊಪೊಸಿಷನ್ 14ಕ್ಕೆ ಹೌದೆಂದು ಮತ ಹಾಕಿ ಅದನ್ನು ಕಿತ್ತೆಸೆದರು. 1967ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಬೇಕಾಯಿತು. ಎಲ್ಲರೂ ಹಾಗಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಪಾಲೋ ಆಲ್ಟೋ, ಸನಿವೇಲ್‌ನಲ್ಲಿ ಗಾಜಿನ ಗೋಡೆಯ ಮನೆಗಳನ್ನು ಕಟ್ಟಿದ ಜೋಸೆಫ್ ಐಕ್ಲರ್ ಬಣ್ಣ ನೋಡದೆ ಮನೆ ಮಾರಿದ, ಬಿಲ್ಡರ್‌ಗಳ ರಾಷ್ಟ್ರೀಯ ಸಂಘ ಅದನ್ನು ಬೆಂಬಲಿಸದಿದ್ದಾಗ 1958ರಲ್ಲಿ ರಾಜೀನಾಮೆ ಕೊಟ್ಟು ಹೊರನಡೆದ. ಅವನ ಮನೆಗಳ ಬೆಲೆ ಏನಾಯಿತೆಂದು ಸನಿವೇಲ್ ಕನ್ನಡಿಗರನ್ನು ಕೇಳಿ.

ನಮ್ಮವರ ಕಥೆಯೂ ಇಲ್ಲೇ ಇದೆ. ಡೌನ್‌ಟೌನ್ ಬರ್ಕ್ಲಿಯ ಬಾರ್ಟ್ ಸ್ಟೇಷನ್ ಹತ್ತಿರ ಕಲಾ ಬಗಾಯ್ ವೇ ಎಂಬ ಪುಟ್ಟ ರಸ್ತೆ ಇದೆ. ಎಷ್ಟೋ ಸಲ ಅಲ್ಲಿ ಓಡಾಡಿದ್ದೆ, ಯಾರೋ ದಾನಿಗಳ ಹೆಸರಿರಬೇಕು ಎಂದುಕೊಂಡಿದ್ದೆ. ವೈಷ್ಣೋ ದಾಸ್ ಬಗಾಯ್, ಕಲಾ ಬಗಾಯ್ ದಂಪತಿ ಮೂವರು ಮಕ್ಕಳೊಂದಿಗೆ 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದವರು. ಕೈಯಲ್ಲಿ ಹಣವಿತ್ತು, ಬರ್ಕ್ಲಿಯಲ್ಲಿ ಮನೆ ಕೊಂಡರು. ಸಾಮಾನು ಹೇರಿಕೊಂಡು ಬಂದ ದಿನ ನೆರೆಯವರು ಮನೆಗೆ ಬೀಗ ಜಡಿದಿದ್ದರು. ಹಿಂತಿರುಗಿ ಹೋದರು. ಆಮೇಲೆ ಪೌರತ್ವ ಸಿಕ್ಕಿತು, ಅಂಗಡಿ ನಡೆಯಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರರಾಗಲು ಅರ್ಹರಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಬಗಾಯ್ ಪೌರತ್ವ ಹೋಯಿತು. ಪೌರರಾಗಲು ಅರ್ಹರಲ್ಲದವರು ಜಮೀನು ಹೊಂದುವಂತಿಲ್ಲ ಎಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 1913ರಿಂದಲೇ ಇತ್ತು, ಆಸ್ತಿಯೂ ಹೋಯಿತು. 1928ರಲ್ಲಿ ಪತ್ರಿಕೆಯೊಂದಕ್ಕೆ ಪತ್ರ ಬರೆದಿಟ್ಟು ಆತ್ಮಹತ್ಯೆ ಮಾಡಿಕೊಂಡರು. ಆ ಮನುಷ್ಯನಿಗೆ ನಾನು ಎರಡು ವರ್ಷದ ಹಿಂದೆ ಬರೆದ ಲೇಖನ ಓದಿಸುವ ಧೈರ್ಯ ನನಗಿಲ್ಲ. ಶಿಸ್ತು, ಉಳಿತಾಯ, ಡೌನ್ ಪೇಮೆಂಟ್, ಎಲ್ಲವೂ ಅವರ ಬಳಿ ಇತ್ತು.

1946ರ ಲೂಸ್-ಸೆಲ್ಲರ್ ಕಾಯ್ದೆ ನಮಗೆ ಪೌರತ್ವದ ಹಕ್ಕು ಮರಳಿಸಿತು, ವರ್ಷಕ್ಕೆ ಬರಬಹುದಾದವರು ಮಾತ್ರ ನೂರೇ ಜನ. ನಿಜವಾಗಿ ಬಾಗಿಲು ತೆರೆದದ್ದು 1965ರ ಅಕ್ಟೋಬರ್ 3ರಂದು, ಲಿಂಡನ್ ಜಾನ್ಸನ್ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಕುಳಿತು ವಲಸೆ ಕಾಯ್ದೆಗೆ ಸಹಿ ಹಾಕಿದಾಗ. ಹಿಂದಿನ ವರ್ಷ ನಾಗರಿಕ ಹಕ್ಕುಗಳ ಕಾಯ್ದೆ, ಅದೇ ವರ್ಷ ಮತದಾನದ ಹಕ್ಕಿನ ಕಾಯ್ದೆ. ಸ್ವಂತ ದೇಶದಲ್ಲಿ ಬಣ್ಣ ನೋಡಿ ತಾರತಮ್ಯ ಮಾಡಕೂಡದು ಎಂದ ಮೇಲೆ ಹೊರಗಿನಿಂದ ಬರುವವರನ್ನು ಹುಟ್ಟಿದ ದೇಶ ನೋಡಿ ತಡೆಯುವುದನ್ನು ಸಮರ್ಥಿಸುವುದು ಕಷ್ಟವಾಗಿತ್ತು. ಸೆಲ್ಮಾದ ಸೇತುವೆಯ ಮೇಲೆ ಲಾಠಿ ಏಟು ತಿಂದವರ ತಲೆಯಲ್ಲಿ ಬೆಂಗಳೂರಿನ ಇಂಜಿನಿಯರ್‌ಗಳ ಯೋಚನೆ ಇದ್ದಿರಲಾರದು. ಆದರೆ ಆ ಏಟಿನ ಡಿವಿಡೆಂಡ್ ನಮ್ಮ ಖಾತೆಗೂ ಬಂದಿದೆ.

ಇಲ್ಲಿ ನಮ್ಮವರ ಕೂಟಗಳಲ್ಲಿ ಕೇಳುವ ಒಂದು ಮಾತಿಗೆ ಉತ್ತರ ಹೇಳಬೇಕು. “ನಾವೂ ಎರಡು ಸೂಟ್‌ಕೇಸ್ ಹಿಡ್ಕೊಂಡು ಬಂದೋರೇ. ನಮಗೆ ಯಾರು ಏನು ಕೊಟ್ರು? ಅವರಿಗೇಕೆ ಆಗಲ್ಲ?” ಫೆಡರಲ್ ರಿಸರ್ವ್‌ನ 2022ರ ಸಮೀಕ್ಷೆಯಲ್ಲಿ ಕುಟುಂಬಗಳನ್ನು ಆಸ್ತಿಯ ಪ್ರಕಾರ ಸಾಲಾಗಿ ನಿಲ್ಲಿಸಿ ನಟ್ಟನಡುವಿನ ಕುಟುಂಬವನ್ನು ನೋಡಿದರೆ, ಬಿಳಿಯರಲ್ಲಿ 2,85,000 ಡಾಲರ್, ಕಪ್ಪುವರ್ಣೀಯರಲ್ಲಿ 44,900, ಏಷ್ಯನ್ನರಲ್ಲಿ 5,36,000. ಈ ಕೊನೆಯ ಅಂಕಿಯನ್ನು ಪದಕದಂತೆ ಎದೆಗೆ ಸಿಕ್ಕಿಸಿಕೊಳ್ಳುವ ಮುಂಚೆ ಸ್ಯಾಂಪಲ್ ನೋಡಬೇಕು. ವೀಸಾ ಅಧಿಕಾರಿ ನಮ್ಮನ್ನು ಜರಡಿ ಹಿಡಿದು ಆರಿಸಿಕೊಂಡಿದ್ದಾನೆ. ಅದಕ್ಕೂ ಮೊದಲು ಸಿಇಟಿ ಜರಡಿ ಹಿಡಿದಿತ್ತು. ನನ್ನ ಇಂಜಿನಿಯರಿಂಗ್ ಸೀಟಿಗೆ ನಾನು ವರ್ಷಕ್ಕೆ ಕಟ್ಟಿದ್ದು ಕೆಲವೇ ಸಾವಿರ ರೂಪಾಯಿ. ಉಳಿದದ್ದನ್ನು ಕಟ್ಟಿದವರು ಕರ್ನಾಟಕದ ತೆರಿಗೆದಾರರು, ಅವರಲ್ಲಿ ಬಹಳ ಮಂದಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಸೂಟ್‌ಕೇಸ್ ಎರಡೇ ಇದ್ದದ್ದು ನಿಜ. ಒಳಗೆ ಒಂದು ಡಿಗ್ರಿ ಇತ್ತು, ಅದರ ಬೆಲೆ ಯಾವ ಕಸ್ಟಮ್ಸ್ ಫಾರ್ಮಿನಲ್ಲೂ ಬರೆಯಲಿಲ್ಲ. ಕೊಟ್ಟವರು ಇದ್ದರು, ನಾವು ಲೆಕ್ಕ ಇಡಲಿಲ್ಲ.

ಅಂದಹಾಗೆ, ಜನ ನೋಡಿ ಮನೆ ಕೊಡುವುದು ನಮಗೆ ಹೊಸದೇನೂ ಅಲ್ಲ. ಮೈಸೂರಿನಲ್ಲಿ ಅಪ್ಪನ ಜೊತೆ ಬಾಡಿಗೆ ಮನೆ ಹುಡುಕಿಕೊಂಡು ಸುತ್ತಿದ್ದು ನೆನಪಿದೆ. ಬಾಡಿಗೆ ಎಷ್ಟು, ನೀರು ಬರುತ್ತದಾ ಎನ್ನುವುದಕ್ಕೆ ಮೊದಲೇ “ನೀವು ಯಾವ ಜನ?” ಎಂಬ ಪ್ರಶ್ನೆ. ನಮ್ಮ ಉತ್ತರ ಅವರಿಗೆ ಹಿಡಿಸುತ್ತಿತ್ತು, ಮನೆ ಸಿಗುತ್ತಿತ್ತು. ಸಿಗದವರು ಎಲ್ಲಿಗೆ ಹೋದರೆಂದು ಆ ವಯಸ್ಸಿನಲ್ಲಿ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಇವತ್ತಿಗೂ ಬೆಂಗಳೂರಿನಲ್ಲಿ “ಸಸ್ಯಾಹಾರಿಗಳಿಗೆ ಮಾತ್ರ” ಎಂಬ ಬೋರ್ಡು ಕಾಣುತ್ತದೆ. 1941ರ ಕಾಗದ ಓದಿ ನನಗೆ ಬಂದ ಕೋಪದಲ್ಲಿ ಸ್ವಲ್ಪ ನಾಚಿಕೆಯೂ ಬೆರೆತಿದ್ದಕ್ಕೆ ಇದೇ ಕಾರಣ ಇರಬೇಕು.

ಗೆಳೆಯರಿಗೆ ಆ ಕಾಗದ ತೋರಿಸಿದೆ. ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದು ಅನ್ಯಾಯ, ಒಪ್ತೀನಿ. ಆದ್ರೆ ಅಪಾರ್ಟ್‌ಮೆಂಟಿಗೂ ಇದಕ್ಕೂ ಏನು ಸಂಬಂಧ? ನಾವೇನು ಬಣ್ಣ ನೋಡ್ತಿದ್ದೀವಾ? ನಾವು ಬಂದಿದ್ದೇ 2001ರಲ್ಲಿ” ಎಂದರು.

ಸಂಬಂಧ ಇದೆ ಎನ್ನುವುದು ನನ್ನ ಅಭಿಪ್ರಾಯ. 1917ರಲ್ಲಿ ಜನಾಂಗದ ಆಧಾರದ ಮೇಲೆ ಬಡಾವಣೆ ವಿಂಗಡಿಸುವ ನಗರ ಕಾನೂನುಗಳನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಹೇಳಲಾಗದ್ದನ್ನು ಹೇಳುವ ಎರಡು ದಾರಿಗಳು ಉಳಿದವು. ಒಂದು, ಖಾಸಗಿ ಕ್ರಯಪತ್ರದ ಷರತ್ತು. ಇನ್ನೊಂದು, ಇಲ್ಲಿ ಒಂಟಿ ಮನೆಗಳಷ್ಟೇ, ಅಪಾರ್ಟ್‌ಮೆಂಟ್ ಇಲ್ಲ ಎನ್ನುವ ಜೋನಿಂಗ್. ಅದನ್ನು ಮೊದಲು ತಂದ ಊರುಗಳಲ್ಲಿ ನಮ್ಮ ಬರ್ಕ್ಲಿಯೂ ಒಂದು, 1916ರಲ್ಲೇ. ಮೊದಲನೆಯದು ಸತ್ತಿತು. ಎರಡನೆಯದು ಬದುಕಿದೆ, ಬಣ್ಣದ ಹೆಸರೆತ್ತುವುದಿಲ್ಲ, ಡೌನ್ ಪೇಮೆಂಟಿನ ಮಾತನಾಡುತ್ತದೆ. ಅಜ್ಜನ ಕಾಲದಲ್ಲಿ ಡೌನ್ ಪೇಮೆಂಟ್ ಕಸಿದುಕೊಂಡವರ ಮೊಮ್ಮಕ್ಕಳಿಗೆ “ಯಾರು ಬೇಕಾದರೂ ಬನ್ನಿ, ಹತ್ತು ಹನ್ನೆರಡು ಲಕ್ಷ ಡಾಲರ್ ತನ್ನಿ” ಎಂದರೆ ಆ ಬಾಗಿಲು ಎಷ್ಟು ತೆರೆದ ಹಾಗಾಯಿತು? ನಮ್ಮ ಅರ್ಜಿಯಲ್ಲಿದ್ದ “ಪ್ರಾಪರ್ಟಿ ವ್ಯಾಲ್ಯೂ”, “ಬಡಾವಣೆಯ ಸ್ವರೂಪ” ಎಂಬ ಮಾತುಗಳನ್ನು ಎಫ್‌ಎಚ್‌ಎ ಕೈಪಿಡಿಯ ಪಕ್ಕದಲ್ಲಿಟ್ಟರೆ ಧಾಟಿ ಬೇರೆಯೆನಿಸುವುದಿಲ್ಲ.

2001ರಲ್ಲಿ ಬಂದವರು 1941ರ ಪಾಪಕ್ಕೆ ಹೊಣೆಯಲ್ಲ, ಒಪ್ಪಿದೆ. ಆದರೆ ಕಂಪನಿ ಕೊಂಡವನು ಬ್ಯಾಲೆನ್ಸ್ ಶೀಟಿನ ಎರಡೂ ಬದಿ ಕೊಳ್ಳುತ್ತಾನೆ. ಒಳ್ಳೆಯ ಶಾಲೆ, ಸಾಲುಮರದ ಬೀದಿ, ಏರಿದ ಬೆಲೆ ಇವನ್ನೆಲ್ಲ ಆಸ್ತಿಯ ಕಾಲಂನಲ್ಲಿ ಬರೆದುಕೊಂಡು, ಅವು ಹೇಗೆ ಬಂದವೆಂಬುದು ನಮಗೆ ಸಂಬಂಧಿಸಿದ್ದಲ್ಲ ಎನ್ನುವುದು ಆಡಿಟ್‌ನಲ್ಲಿ ಪಾಸಾಗುವುದಿಲ್ಲ.

ಗೆಳೆಯರ ಎಲ್ಲ ಆತಂಕವೂ ನೆಪ ಎಂದು ನಾನು ಹೇಳಲಾರೆ. ನಮ್ಮ ಬೀದಿಯಲ್ಲಿ ಈಗಲೇ ಪಾರ್ಕಿಂಗ್ ಇಲ್ಲ. ಶಾಲೆಯ ಒಂದು ತರಗತಿ ಶೆಡ್ಡಿನಲ್ಲಿ ನಡೆಯುತ್ತಿದೆ. ಮನೆಯ ಬೆಲೆ ಸ್ವಲ್ಪ ಇಳಿದರೂ ಇಳಿಯಬಹುದು; ಮಗಳ ಕಾಲೇಜಿಗೆ ನಾನು ನೆಚ್ಚಿಕೊಂಡಿರುವುದರಲ್ಲಿ ಈ ಇಕ್ವಿಟಿಯೂ ಒಂದು. ಪಾರ್ಕಿಂಗ್ ಬೇಕು, ಶಾಲೆಗೆ ಕೋಣೆ ಬೇಕು ಎಂದು ಕೇಳುವುದು ಒಂದು ಅರ್ಜಿ, ಅದಕ್ಕೆ ಇವತ್ತೂ ಸಹಿ ಹಾಕುತ್ತೇನೆ. ಅವರು ಬರುವುದೇ ಬೇಡ ಎನ್ನುವುದು ಬೇರೆ ಅರ್ಜಿ.

ನನ್ನ ಹೆಸರು ತೆಗೆಯಿರಿ ಎಂದು ಸಿಟಿ ಕ್ಲರ್ಕಿಗೆ ಇಮೇಲ್ ಮಾಡಿದೆ. ಕೌನ್ಸಿಲ್ ಸಭೆಯಲ್ಲಿ ಪ್ರತಿಯೊಬ್ಬರಿಗೂ ಸಿಗುವುದು ಒಂದು ನಿಮಿಷ. ಆ ಮೂರು ಪುಟಗಳಲ್ಲಿ ಎರಡು ಷರತ್ತುಗಳನ್ನು ಓದಿದೆ, ಒಂದು ಕುಟುಂಬದ ಮನೆಯದು ಮತ್ತು ಬಣ್ಣದ್ದು. ಅಷ್ಟರಲ್ಲಿ ಗಂಟೆ ಬಾರಿಸಿತು. ನನ್ನ ನಂತರ ಮಾತಾಡಿದ ಮೂವರು ನಮ್ಮ ಗುಂಪಿನವರೇ, ವಿರೋಧವಾಗಿಯೇ ಮಾತಾಡಿದರು. ನಿರ್ಧಾರವನ್ನು ಮುಂದಿನ ತಿಂಗಳಿಗೆ ಮುಂದೂಡಿದ್ದಾರೆ. ವಾಕಿಂಗ್ ಜೊತೆಗಾರರು ಎರಡು ವಾರದಿಂದ ಬೆಳಿಗ್ಗೆ ಹೋಗುತ್ತಿದ್ದಾರಂತೆ. ಸಂಜೆ ಮಂಡಿ ನೋವು ಎಂದು ಅವರ ಮನೆಯವರು ಹೇಳಿದರು.

ನಿಮ್ಮ ಮನೆ 1950ಕ್ಕೆ ಮೊದಲು ಕಟ್ಟಿದ್ದಾಗಿದ್ದರೆ ಟೈಟಲ್ ರಿಪೋರ್ಟ್‌ನ ಎಕ್ಸೆಪ್ಶನ್ಸ್ ಭಾಗ ತೆರೆದು ಆ ಲಿಂಕ್ ಒತ್ತಿ ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಸಾಲನ್ನು ಅಳಿಸಿ ಹೊಸ ಪ್ರತಿ ದಾಖಲಿಸಲು ಕೌಂಟಿ ರೆಕಾರ್ಡರ್ ಬಳಿ ಒಂದು ಫಾರ್ಮ್ ಇದೆ, ಶುಲ್ಕ ಇಲ್ಲ. ನಾನು ತುಂಬಿಟ್ಟಿದ್ದೇನೆ, ಇನ್ನೂ ಕಳಿಸಿಲ್ಲ. ಎಂಟನೇ ಕ್ಲಾಸಿನ ಮಗಳು ತನ್ನ ಇತಿಹಾಸದ ಪ್ರಾಜೆಕ್ಟಿಗೆ ಮೂಲ ಪ್ರತಿಯೇ ಬೇಕು, ಅಲ್ಲಿಯವರೆಗೆ ಮುಟ್ಟಬೇಡ ಎಂದಿದ್ದಾಳೆ.

ಮುಂದಿನ ವಾರ ಪ್ರೊಪೊಸಿಷನ್ 13 ಬಗ್ಗೆ ಬರೆಯುತ್ತೇನೆ. ಪಕ್ಕದ ಮನೆಯ ಅಜ್ಜಿ ನನಗಿಂತ ದೊಡ್ಡ ಮನೆಗೆ ನನ್ನ ಆರನೇ ಒಂದು ಭಾಗ ಪ್ರಾಪರ್ಟಿ ಟ್ಯಾಕ್ಸ್ ಏಕೆ ಕಟ್ಟುತ್ತಾರೆ ಎಂದು ಕೇಳಿದವರು ಬಹಳ ಜನ ಇದ್ದೀರಿ.